ಇಪ್ಪತ್ತಾರು ಹನಿಗಳ ಜಗಳ

"ಈ ಕೊಳವೆ ತೊಳೆದಿದ್ದೀರಾ?"

ಪರೀಕ್ಷೆಯ ಕೋಣೆಯ ಬಾಗಿಲಲ್ಲೇ ನಿಂತು ಅವನು ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಕಣ್ಣಿನ ಔಷಧಿ ತಯಾರಿಸುವ ಆ ಕಾರ್ಖಾನೆಗೆ ಅವನು ಹೊಸದಾಗಿ ಬಂದ ಮಿಶ್ರಣಗಾರ. ಅವಳು ಆರು ವರ್ಷಗಳಿಂದ ಅಲ್ಲಿ ಹನಿ ಎಣಿಸುವವಳು. ಗಾಜಿನ ಕೊಳವೆಯಲ್ಲಿ ಔಷಧಿ ತುಂಬಿ, ಅದು ಎಷ್ಟು ಹನಿಯಾಗಿ ಬೀಳುತ್ತದೆಂದು ನೋಡುವುದು ಅವಳ ಕೆಲಸ. ದ್ರವದ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡರೆ ಹನಿ ದಪ್ಪ, ಎಣಿಕೆ ಕಡಿಮೆ. ಹಿಡಿತ ಸಡಿಲವಾದರೆ ಹನಿ ಚಿಕ್ಕದು, ಎಣಿಕೆ ಹೆಚ್ಚು. ಇಪ್ಪತ್ತು ಬರಬೇಕಾದಲ್ಲಿ ಅವನ ಔಷಧಿ ಇಪ್ಪತ್ತಾರು ಹನಿ ಬಂದಿತ್ತು.

"ಕೊಳವೆ ಬಿಡಿ, ನಿಮ್ಮ ಅಳತೆ ನೋಡ್ಕೊಳ್ಳಿ," ಎಂದಳು.

ಅಳತೆ ತಪ್ಪಿಸಿದ್ದು ತಾನೇ ಎಂದು ಮರುದಿನ ಅವನು ಮ್ಯಾನೇಜರ ಬಳಿ ಒಪ್ಪಿಕೊಂಡನಂತೆ. ಅವಳ ಬಳಿ ಬಂದು ಹೇಳಿದನೇ? ಉಹುಂ. ಊಟದ ಹೊತ್ತಿಗೆ ಸರಿಯಾಗಿ ಅವಳ ಎದುರು ಬಂದು ಕೂತು, ಬಾಯಿಗೆ ಬೀಗ ಹಾಕಿಕೊಂಡು ಉಂಡು ಎದ್ದು ಹೋದ. ಮರುದಿನವೂ ಅದೇ. ಎಂಥ ಕೊಬ್ಬು ಇವನಿಗೆ... ಎಂದುಕೊಳ್ಳುತ್ತಲೇ ಅವಳು ಊಟದ ಹೊತ್ತಿಗೆ ಬಾಗಿಲು ನೋಡುವುದನ್ನು ರೂಢಿ ಮಾಡಿಕೊಂಡಳು.

ಅವಳದೂ ಹಟವೇ. ಇನ್ನು ಯಾರೂ ಬೆರಳು ತೋರಿಸಬಾರದೆಂದು, ಬರೀ ಶುದ್ಧ ನೀರಿನಲ್ಲಿ ತೊಳೆಯುತ್ತಿದ್ದ ಕೊಳವೆಯನ್ನು ದಿನಾ ಸೋಪು ಹಾಕಿ ಉಜ್ಜತೊಡಗಿದಳು.

ಅವನ ಎರಡನೇ ಔಷಧಿ ಇಪ್ಪತ್ತೈದು ಹನಿ. ಮೂರನೆಯದು ಇಪ್ಪತ್ತಾರು. ಎರಡೂ ಚರಂಡಿಯ ಪಾಲಾದವು. ಶನಿವಾರದಿಂದ ಕೆಲಸಕ್ಕೆ ಬರಬೇಡ ಎಂದು ಮ್ಯಾನೇಜರು ಅವನಿಗೆ ಹೇಳಿಬಿಟ್ಟರು.

ಮನೆಯಲ್ಲಿ ಅತ್ತಿಗೆ ಅವಳ ತಟ್ಟೆ ನೋಡಿದಳು. "ಆ ಮನುಷ್ಯ ತೊಲಗಿದ್ರೆ ನಿಂಗೆ ಖುಷಿ ಆಗ್ಬೇಕಲ್ಲ... ಊಟ ಯಾಕೆ ಸೇರ್ತಿಲ್ಲ?"

ಅವಳು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಶುಕ್ರವಾರ ಬೆಳಿಗ್ಗೆ, ಮನಸ್ಸು ತಡೆಯದೆ, ಕೊಳವೆಗೆ ಬರೀ ನೀರು ತುಂಬಿ ಎಣಿಸಿದಳು. ಹದಿನೆಂಟು ಬರಬೇಕು. ಇಪ್ಪತ್ತನಾಲ್ಕು! ಮತ್ತೆ ಎಣಿಸಿದಳು. ಅಷ್ಟೇ.

ಸೋಪು... ಒಳಗೆ ಕಣ್ಣಿಗೆ ಕಾಣದಷ್ಟು ಉಳಿದ ಸೋಪು ನೀರಿನ ಹಿಡಿತವನ್ನೇ ಸಡಿಲಿಸಿತ್ತು. ಕೊಳವೆಯನ್ನು ಹತ್ತಾರು ಸಲ ಶುದ್ಧ ನೀರಿನಲ್ಲಿ ತೊಳೆದು, ಉಳಿಸಿಟ್ಟಿದ್ದ ಅವನ ಮೂರನೇ ಔಷಧಿಯ ಮಾದರಿ ಹಾಕಿದಳು. ಇಪ್ಪತ್ತು. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೇಳಿದರೆ ಆರು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. ಅವನೂ ಅಲ್ಲೇ ಇದ್ದ, ಬೀಗದ ಕೈ ಒಪ್ಪಿಸಲು ಬಂದಿದ್ದ. ಅವನೆದುರೇ ಎಲ್ಲ ಹೇಳಿದಳು. ಮ್ಯಾನೇಜರು ಚೆನ್ನಾಗಿ ಬೈದರು. ಅವನ ಕೆಲಸ ಉಳಿಯಿತು. ಅವಳನ್ನು ಒಂದು ತಿಂಗಳು ಬಾಟಲಿಗೆ ಚೀಟಿ ಅಂಟಿಸಲು ಕಳಿಸಿದರು.

ಮಧ್ಯಾಹ್ನ ಅವನು ಚೀಟಿ ಅಂಟಿಸುವ ಮೇಜಿಗೆ ಬಂದು, ಪಕ್ಕದಲ್ಲಿ ಕೂತು, ತಾನೂ ಒಂದು ಬಾಟಲಿ ತೆಗೆದುಕೊಂಡ. ಬೈಯಲಿ, ತಡೆದುಕೊಳ್ಳುತ್ತೇನೆ ಎಂದು ಅವಳು ತಲೆ ತಗ್ಗಿಸಿದಳು.

"ಕ್ಷಮೆ ಕೇಳೋಕೆ ಅಂತ ದಿನಾ ಊಟಕ್ಕೆ ಬರ್ತಿದ್ದೆ," ಎಂದ ಮೆಲ್ಲಗೆ. "ಕೇಳಿಬಿಟ್ರೆ ಆಮೇಲೆ ಬರೋಕೆ ನೆಪ ಇರಲ್ಲ ಅಂತ ಸುಮ್ಮನಾಗ್ತಿದ್ದೆ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಕೊಬ್ಬು ಎಂದುಕೊಂಡದ್ದು ಇದನ್ನೇ?

"ನಾನು ನಿಮ್ಮ ಕೆಲಸಾನೇ ಕಳೀತಿದ್ದೆ..."

"ಉಳಿಸಿದ್ದೂ ನೀವೇ. ನಿಮ್ಮ ಮನೇಲಿ ಯಾರ ಹತ್ರ ಬಂದು ಕೇಳ್ಬೇಕು?"

"ಏನನ್ನ?"

"ನಿಮ್ಮನ್ನ."

ಅವಳ ಕೈಯಲ್ಲಿದ್ದ ಚೀಟಿ ಸೊಟ್ಟಗೆ ಅಂಟಿತು.

"ಅತ್ತಿಗೆ ಹತ್ರ," ಎಂದಳು ಕಷ್ಟಪಟ್ಟು. "ಆದ್ರೆ ಮೊದಲು ನನ್ನನ್ನ ಕೇಳ್ಬೇಕಲ್ವಾ?"

"ಕೇಳ್ತಿದ್ದೀನಲ್ಲ."

"ಹೂಂ," ಎಂದಳು ಅವಳು. "ಭಾನುವಾರ ಬನ್ನಿ. ಅವಳು ಮನೇಲೇ ಇರ್ತಾಳೆ."