ಗಿಣಿಗೇರಾ ಗೇಟಿನ ಪಂಚಮ

ಕೊಪ್ಪಳದಿಂದ ಹೊರಟ ಬಸ್ಸು ಗಿಣಿಗೇರಾದ ರೈಲ್ವೆ ಗೇಟಿನ ಮುಂದೆ ನಿಂತಿತ್ತು. ಯಂಕೇಶ ಪಕ್ಕದ ಖಾಲಿ ಸೀಟಿನ ಮೇಲೆ ತಾನೇ ಹಾಸಿದ್ದ ಕರ್ಚೀಫು ನೋಡುತ್ತ ಕೂತಿದ್ದ. ಆರು ತಿಂಗಳಿಂದ ಆ ಕರ್ಚೀಫು ಭವಾನಿಗಾಗಿ ಕಿಟಕಿಯ ಸೀಟು ಹಿಡಿಯುತ್ತಿತ್ತು. ಇವತ್ತು ಅವಳು ಇತ್ತ ಕಣ್ಣೂ ಹಾಯಿಸದೆ ಡ್ರೈವರ್ ಹಿಂದೆ ಕೂತಿದ್ದಳು, ತೊಡೆಯ ಮೇಲೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು.

ತಪ್ಪು ಅವನದೇ. ಒಂದೇ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮಾಸ್ತರ, ಅವಳು ಸಂಗೀತದ ಟೀಚರ್. ಡಾಪ್ಲರ್ ಪರಿಣಾಮದ ಪಾಠದಲ್ಲಿ, ರೈಲು ಹತ್ತಿರ ಬಂದಷ್ಟೂ ಹಾರ್ನಿನ ಸ್ವರ ಏರುತ್ತಲೇ ಹೋಗುತ್ತದೆ ಎಂದು ಹತ್ತನೇ ಕ್ಲಾಸಿಗೆ ಠೀವಿಯಿಂದ ಹೇಳಿದ್ದ. ದೀಪಿಕಾ ಎಂಬ ಹುಡುಗಿ ಟೆಸ್ಟಿನಲ್ಲಿ, ‘ಏರುವುದಿಲ್ಲ, ದಾಟುವವರೆಗೆ ಒಂದೇ ಸ್ವರ, ದಾಟಿದ ಮೇಲೆ ಇಳಿಯುತ್ತದೆ’ ಎಂದು ಬರೆದಳು. ಸೊನ್ನೆ ಹಾಕಿ ಬೆಂಚಿನ ಮೇಲೆ ನಿಲ್ಲಿಸಿದ್ದ.

“ಹುಡುಗಿ ಬರೆದಿದ್ದು ಖರೇ ಐತ್ರಿ ಸರ್,” ಎಂದು ಭವಾನಿ ನಿನ್ನೆ ಸ್ಟಾಫ್ ರೂಮಿನಲ್ಲಿ ಹೇಳಿದಾಗ, ಹೆಡ್ ಮೇಡಂ ಗುರುಲಿಂಗಮ್ಮನವರ ಎದುರಿಗೇ ನಕ್ಕುಬಿಟ್ಟ.

“ನೀವು ಪೇಟಿ ಬಾರಿಸ್ರಿ. ಫಿಸಿಕ್ಸ್ ನಮಗ ಬಿಡ್ರಿ.”

ಪ್ರೀತಿಸುವ ಹುಡುಗಿಗೆ ಆಡುವ ಮಾತೇ ಅದು!

ಈಗ ಭವಾನಿ ಎದ್ದು ಅವನ ಹತ್ತಿರ ಬಂದಳು. ಮೂಗುತಿಯ ಹೊಳಪು ಕಂಡಿತು, ನಗು ಕಾಣಲಿಲ್ಲ. “ಇಳೀರಿ ಸರ್. ರೈಲು ಬರೂ ಹೊತ್ತಾತು.”

ರಸ್ತೆ ಬದಿಯ ಕಟ್ಟೆಯ ಮೇಲೆ ಪೇಟಿ ಇಟ್ಟಳು. ಬಸ್ಸಿನ ಕಿಟಕಿಗಳ ತುಂಬ ತಲೆಗಳು.

“ಯಾವ ಹಾಡ್ರಿ ಟೀಚರ್?” ಕಂಡಕ್ಟರ್ ಕೂಗಿದ.

“ರೈಲಿಂದ್ರಿ.”

ದೂರದಿಂದ ಹಾರ್ನ್ ಕೇಳಿಸಿತು. ಭವಾನಿ ಪೇಟಿಯಲ್ಲಿ ಅದಕ್ಕೆ ಸರಿಹೊಂದುವ ಸ್ವರದ ಮನೆ ಹುಡುಕಿ ಒತ್ತಿ ಹಿಡಿದಳು. “ಇದು ಪಂಚಮ ಅಂತ ಇಟ್ಕೊಳ್ರಿ.” ರೈಲು ಹತ್ತಿರವಾಯಿತು. ಸದ್ದು ಎದೆ ನಡುಗಿಸುವಷ್ಟು ಜೋರಾಯಿತು, ಆದರೆ ಪೇಟಿಯ ಸ್ವರ ಬಿಟ್ಟು ಕೂದಲೆಳೆಯಷ್ಟೂ ಮೇಲೆ ಹೋಗಲಿಲ್ಲ. ಎಂಜಿನ್ ಎದುರಿಗೆ ದಾಟಿದ್ದೇ ತಡ ಹಾರ್ನು ಜಾರಿ ಬಿತ್ತು, ಅವಳ ಬೆರಳು ಒಂದು ಸ್ವರ ಕೆಳಗಿನ ಮಧ್ಯಮಕ್ಕೆ ಇಳಿಯಿತು.

“ಎಲ್ಲಿ ಏರ್ತು, ಹೇಳ್ರಿ? ಜೋರಾಗಿದ್ದನ್ನ ನೀವು ಏರೇತಿ ಅಂತ ತಿಳ್ಕೊಂಡೀರಿ.”

ಯಂಕೇಶನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬರುವ ರೈಲು ಸದ್ದಿನ ಅಲೆಗಳನ್ನು ಕುಗ್ಗಿಸುತ್ತದೆ, ಹೋಗುವ ರೈಲು ಹಿಗ್ಗಿಸುತ್ತದೆ. ಎಷ್ಟು ಎಂಬುದು ವೇಗದ ಲೆಕ್ಕ. ಬೋರ್ಡಿನ ಮೇಲೆ ಅವನೇ ಬರೆದ ಸೂತ್ರದಲ್ಲಿ ದೂರ ಎಂಬುದೇ ಇರಲಿಲ್ಲ. ಎಂಟು ವರ್ಷ ಅದನ್ನು ಬರೆದಿದ್ದ, ಒಂದು ದಿನವೂ ಓದಿರಲಿಲ್ಲ.

“ತಪ್ಪಾತ್ರಿ,” ಎಂದ, ಅವಳಿಗಷ್ಟೇ ಕೇಳುವಂತೆ.

“ನಗೂದು ನಾಕು ಮಂದಿ ಮುಂದ, ಮಾಫಿ ಗುಸುಗುಸು ಏನ್ರಿ?” ಪೇಟಿ ಎತ್ತಿಕೊಂಡು ಅವಳು ಬಸ್ಸು ಹತ್ತಿದಳು.

ಅಂದು ಮೊದಲ ಪೀರಿಯಡ್ಡಿಗೆ ಯಂಕೇಶ ಹೆಡ್ ಮೇಡಮ್ಮನ್ನೇ ಕರೆದುಕೊಂಡು ಕ್ಲಾಸಿಗೆ ಹೋದ. “ನಾ ಕಲಿಸಿದ್ದು ತಪ್ಪು. ದೀಪಿಕಾ ಬರೆದಿದ್ದು ಸರಿ. ಭವಾನಿ ಟೀಚರ್ ಹೇಳಿದ್ರು, ನಾ ನಕ್ಕೆ. ಅದು ಇನ್ನೂ ದೊಡ್ಡ ತಪ್ಪು.” ಪಕ್ಕದ ಕೋಣೆಯ ಪೇಟಿ ತಟ್ಟನೆ ನಿಂತಿತು. ಸೊನ್ನೆ ಹೊಡೆದು ಐದು ಅಂಕ ಹಾಕುವಾಗ ದೀಪಿಕಾಳ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಸಂಜೆ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಪಕ್ಕದ ಸೀಟು ಬರಿದಾಗಿತ್ತು.

“ಕರ್ಚೀಫ್ ಎಲ್ಲೈತ್ರಿ?” ಭವಾನಿ ನಿಂತಿದ್ದಳು.

“ಹಾಕಾಕ ಮಾರಿ ಇರಲಿಲ್ರಿ.” ಅವನು ತಲೆ ಎತ್ತಿದ. “ನೀವು ಅಂದ್ರ ನನಗ ಭಾಳ ಜೀವ. ಅಂಥವರಿಗೇ ಹಂಗ ಅಂದೆ.”

ಅವಳು ಪೇಟಿಯನ್ನು ಅವನ ತೊಡೆಯ ಮೇಲಿಟ್ಟು, ಅವನನ್ನು ದಾಟಿ ಕಿಟಕಿಯ ಪಕ್ಕ ಕೂತಳು. ಗಿಣಿಗೇರಾ ಗೇಟು ಬರುವವರೆಗೂ ಹೊರಗೇ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

“ನಾಳಿಂದ ಕರ್ಚೀಫ್ ಬ್ಯಾಡ್ರಿ,” ಎಂದಳು ಕೊನೆಗೆ. “ನಾನ ಸೀಟ್ ಹಿಡೀತೀನಿ.”