ಹೋರಿಯ ಮುಂದೆ ಅಡಮಾನ ಕಾಯ್ದೆ

ಪುರಸಭೆಯ ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದೆ. ನನ್ನ ಬೂಟಿನ ಕೆಳಗೆ ಒಂದು ಹೋರಿ ಮೂಸುತ್ತಿತ್ತು.

ಕಪ್ಪು ಹೋರಿ. ಕೊಂಬು ಒಂದೊಂದೂ ನನ್ನ ತೋಳಿನಷ್ಟು ಉದ್ದ!

ನಾನು ಅದಕ್ಕೆ ರುಚಿಸಲಿಲ್ಲ ಅಂತ ಕಾಣುತ್ತದೆ. ಕತ್ತು ತಿರುಗಿಸಿತು. ಬೀದಿಯಲ್ಲಿ ಬೇಲಿಯ ಬುಡಕ್ಕೆ ಬಗ್ಗಿದ್ದ ಆಸಾಮಿಯನ್ನು ನೋಡಿತು.

ನೀಲಿ ಸೂಟು. ಹಸಿರು ಟೈ. ಕೈಯಲ್ಲಿ ಅಳತೆಯ ಟೇಪು...

ನಮ್ಮ ಕ್ಯಾಂಡಿಡೇಟು!

"ಎವಾರಿಸ್ತೋ ಸಾಹೇಬ್ರೇ! ಓಡಿ!" ಎಂದು ಕಿರುಚಿದೆ.

"ಯಾಕ್ರೀ ಓಡ್ಬೇಕು ಕಿರೋಗಾ?" ಆತ ಬಗ್ಗಿದವನು ಏಳಲೇ ಇಲ್ಲ. "ಈ ಬೇಲಿ ಒಂದು ಗೇಣು ಕಮ್ಮಿ ಇದೆ. ನಿಯಮದ ಪ್ರಕಾರ ಇಲ್ಲಿ ಹೋರಿ ಬಿಡೋ ಹಾಗೇ ಇಲ್ಲ."

"ಬಿಟ್ಟಾಗಿದೆ!"

"ಹಾಗಾದ್ರೆ ಅದು ಕಾನೂನುಬಾಹಿರ ಹೋರಿ."

ಹೋರಿಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ. ಅದು ಕಾಲು ಕೆರೆಯಿತು.

ನಾನು ಕಿರೋಗಾ. ಮೊದಲು ಪೊಲೀಸ್. ಈಗ ಪಾರ್ಟಿಯಲ್ಲಿ ಯಾರಾದರೂ ಕೆಸರಿಗೆ ಬಿದ್ದರೆ ಎತ್ತುವುದು ನನ್ನ ಕೆಲಸ. ನಮ್ಮದು ಸಂಪ್ರದಾಯಸ್ಥರ ಪಾರ್ಟಿ. ಕೆಸರಿಗೂ ನಾವು ಟೈ ಕಟ್ಟಿಕೊಂಡೇ ಬೀಳುತ್ತೇವೆ.

ಮ್ಯಾಡ್ರಿಡ್‌ನಿಂದ ಹೊರಡುವಾಗ ದೊಡ್ಡವರು ಹೇಳಿದ್ದು ಇಷ್ಟೆ. "ಎವಾರಿಸ್ತೋಗೆ ಆ ಜಿಲ್ಲೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಡಿಸು. ಆಗ್ಲಿಲ್ಲ ಅಂದ್ರೆ ನೀನೂ ವಾಪಸ್ ಬರ್ಬೇಡ."

ನಮ್ಮಲ್ಲಿ ಜನ ಓಟು ಹಾಕುವುದು ಆಳಿಗಲ್ಲ, ಪಾರ್ಟಿಯ ಪಟ್ಟಿಗೆ. ಆ ಜಿಲ್ಲೆಯಲ್ಲಿ ನಮಗೆ ಬರುವುದು ಒಂದೇ ಸೀಟು. ಪಟ್ಟಿಯಲ್ಲಿ ಮೊದಲಿದ್ದವನು ಅತ್ತೆ ಮನೆಗೆ ಹೋದಷ್ಟು ಸಲೀಸಾಗಿ ನಾಲ್ಕು ವರ್ಷಕ್ಕೆ ಸಂಸತ್ತಿಗೆ ಹೋಗುತ್ತಾನೆ. ಎರಡನೆಯವನು ಮನೆಯಲ್ಲಿ ಕೂತು ಟಿವಿ ನೋಡುತ್ತಾನೆ.

ಪಟ್ಟಿ ತೀರ್ಮಾನ ಆಗಬೇಕಿದ್ದದ್ದು ಆವತ್ತೇ, ವಲ್ದೆಗ್ರಾಹಾ ಊರಿನ ಹಬ್ಬದಲ್ಲಿ, ಮಧ್ಯಾಹ್ನದ ಊಟಕ್ಕೆ ಮೊದಲು. ತೀರ್ಮಾನ ಇದ್ದದ್ದು ಆ ಊರಿನ ಮೇಯರಮ್ಮ ಎರ್ಮೆಲಿಂದಾ ಕೈಯಲ್ಲಿ. ಬೆಟ್ಟದ ಮೇಲಿನ ಅಷ್ಟೂ ಊರು ಆಕೆಯ ಮಾತು ಮೀರುತ್ತಿರಲಿಲ್ಲ.

ಅಡ್ಡಗಾಲು ಹಾಕಿದ್ದವನು ಜಿಲ್ಲಾಧ್ಯಕ್ಷ ಬರ್ರಾಗಾನ್. ಅವನಿಗೆ ತನ್ನ ಭಾಮೈದನನ್ನು ಮೊದಲ ಸ್ಥಾನಕ್ಕೆ ತರಬೇಕಿತ್ತು. ಭಾಮೈದ ಹಂದಿ ಮೇವಿನ ವ್ಯಾಪಾರಿ.

ಎವಾರಿಸ್ತೋ ಮೇಲೆ ಬಂದ ಕತೆಯೂ ಕೇಳಿ. ಸರ್ಕಾರಿ ವಕೀಲರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗ. ಆ ಪರೀಕ್ಷೆ ಬರೆಯುವುದಲ್ಲ, ಒಪ್ಪಿಸುವುದು! ನೂರಾರು ವಿಷಯ ಬಾಯಿಪಾಠ. ಮುಂದೆ ಪರೀಕ್ಷಕರು. ಅವರು ಒಂದು ಸಂಖ್ಯೆ ಕೂಗುತ್ತಾರೆ. ಅಭ್ಯರ್ಥಿ ಆ ಸಂಖ್ಯೆಯ ವಿಷಯವನ್ನು ಉಸಿರು ಬಿಡದೆ ಒದರಬೇಕು. ಯೌವನ ಪೂರ್ತಿ ಅದರಲ್ಲೇ ಕಳೆದವನು ಎವಾರಿಸ್ತೋ. ಹುಡುಗಿಯ ಕೈ ಹಿಡಿಯುವ ವಯಸ್ಸಿನಲ್ಲಿ ಅಡಮಾನ ಕಾಯ್ದೆ ಹಿಡಿದು ಕೂತವನು!

ಆಮೇಲೆ ಪಾರ್ಟಿಯ ಕಾನೂನು ಸಲಹೆಗಾರ. ಆಮೇಲೆ ಮಂತ್ರಿಯ ಕಾರ್ಯದರ್ಶಿ. ಮೀಟಿಂಗಿನಲ್ಲಿ ಅವನು ಬಾಯಿ ತೆರೆದರೆ ಸಾಕು, ಎದುರಾಳಿಗಳು ಎಲ್ಲಿ ಅಂದರಲ್ಲಿ ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಅವನನ್ನು ಸೋಲಿಸಬೇಕಾದರೆ ಎಚ್ಚರ ಇರಬೇಕಲ್ಲ!

ಆ ದಿನ ಹಬ್ಬ ಶುರುಮಾಡುವ ಮರ್ಯಾದೆ ಅವನದು. ಪುರಸಭೆಯ ಬಾಲ್ಕನಿಯಿಂದ ಅತಿಥಿ ನಾಲ್ಕು ಮಾತಾಡಿ ರಾಕೆಟ್ ಹಚ್ಚಬೇಕು. ರಾಕೆಟ್ ಸದ್ದಾದ ತಕ್ಷಣ ದೊಡ್ಡಿಯ ಬಾಗಿಲು ತೆಗೆದು ಹೋರಿ ಬಿಡುತ್ತಾರೆ. ಓಟ ಮುಗಿದ ಮೇಲೆ ಅದನ್ನು ಕೊಲ್ಲುವುದು ವಾಡಿಕೆ.

ನಾಲ್ಕು ಮಾತು ಮುಗಿಯುವಷ್ಟರಲ್ಲಿ ನೆರಳಿದ್ದ ಕಡೆ ಬಿಸಿಲು ಬಂದಿತ್ತು. ಕೊನೆಗೂ ರಾಕೆಟ್ ಕೈಗೆ ಕೊಟ್ಟರೆ... "ಬೇಲಿಯ ಎತ್ತರ ನೋಡದೆ ಹಚ್ಚೋದಿಲ್ಲ!" ಎಂದು ಟೇಪು ತೆಗೆದು ಬೀದಿಗಿಳಿದ. ನಾನು ಹಿಂದೆಯೇ ಓಡಿದೆ.

ಬಾಲ್ಕನಿಯಲ್ಲಿ ಬರ್ರಾಗಾನ್ ನನ್ನನ್ನು ನೋಡಿ ಕಣ್ಣು ಹೊಡೆದ. ಬಾಯಲ್ಲಿದ್ದ ಚುಟ್ಟಾವನ್ನು ರಾಕೆಟ್ಟಿನ ಬತ್ತಿಗೆ ತಾಗಿಸಿದ.

ಸುಯ್ಯ್ಯ್... ಢಂ!

ಹೀಗೆ ನಾನು ಕಿಟಕಿಗೆ ನೇತುಬಿದ್ದದ್ದು.

ಹೋರಿ ನುಗ್ಗಿತು. ಎವಾರಿಸ್ತೋ ಈಗ ತಲೆ ಎತ್ತಿದ. ಮುಖ ಸುಣ್ಣ! ಟೇಪು ಕೈಜಾರಿತು. ಎರಡೂ ಕೈ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತ. ಅವನು ಬದುಕಿನಲ್ಲಿ ಇಷ್ಟು ಹೆದರಿದ್ದು ಇನ್ನೊಂದೇ ಸಲ. ಪರೀಕ್ಷೆಯ ದಿನ.

"ಗೌರವಾನ್ವಿತ ಪರೀಕ್ಷಕರೇ! ಅಡಮಾನ ಕಾಯ್ದೆ, ಪೀಠಿಕೆ! ಸ್ಥಿರಾಸ್ತಿಯ ಮೇಲಿನ ಹಕ್ಕುಗಳ ನೋಂದಣಿಗೆ ಸಂಬಂಧಿಸಿದಂತೆ ಈ ಕೆಳಕಂಡ..."

ನಲ್ಲಿ ತಿರುಗಿಸಿದ ಹಾಗೆ ಸುರಿಯಿತು!

ಹೋರಿ ನಿಂತಿತು. ಒಂದು ಕಿವಿ ಅಲ್ಲಾಡಿಸಿತು. ಕತ್ತು ನಿಧಾನಕ್ಕೆ ಇಳಿಯಿತು...

ಬೇಲಿಯ ಮೇಲೆ ಕೂತಿದ್ದವನೊಬ್ಬ ಆಕಳಿಸಿದ.

"ಏನ್ರೋ ಅದು?" ಬಾಲ್ಕನಿಯಿಂದ ಮೇಯರಮ್ಮನ ದನಿ.

"ಅಡಮಾನ ಕಾಯ್ದೆ ಮೇಡಂ!" ಎಂದು ನಾನು ಕೂಗಿದೆ.

"ಪೂರ್ತೀನಾ?"

"ಪೂರ್ತಿ!"

"ಅಯ್ಯೋ ದೇವರೇ... ಪಾಪ, ಆ ಹೋರಿ!"

ಆಗ ನನ್ನ ಬೆರಳಿಗೆ ಬಿಸಿ ತಾಕಿತು. ಕಿಟಕಿಯ ಒಳಗೆ ಬರ್ರಾಗಾನ್! ಮೆಟ್ಟಿಲಿಳಿದು ಬಂದಿದ್ದ. ಚುಟ್ಟಾದ ಕೆಂಡ ನನ್ನ ಕೈಯ ಹತ್ತಿರ ಹಿಡಿದಿದ್ದ.

"ಮೊದಲ ಸ್ಥಾನ ಬಿಡ್ತೀಯೋ, ಸರಳು ಬಿಡ್ತೀಯೋ ಕಿರೋಗಾ?"

"ನಿನ್ನ ಭಾಮೈದನಿಗೆ ಹಂದಿಗಳೇ ಓಟು ಹಾಕಲ್ಲ ಕಣೋ!"

"ಕೊಬ್ಬು ಜಾಸ್ತಿ ಆಯ್ತು ನಿಂಗೆ." ಕೆಂಡ ಒತ್ತಿದ.

ಹಲ್ಲು ಕಚ್ಚಿ ತಡೆದುಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ಸದ್ದು ನಿಂತಿತು. ಎವಾರಿಸ್ತೋ ಒಪ್ಪಿಸುತ್ತಿದ್ದ ಪೀಠಿಕೆ ಮುಗಿದಿತ್ತು! ಒಪ್ಪಿಸಿ ಮುಗಿಸಿದವನು ಮುಂದಿನ ಸಂಖ್ಯೆ ಕೂಗುವವರೆಗೆ ಇನ್ನೊಂದು ವಿಷಯ ಎತ್ತುವ ಹಾಗಿಲ್ಲ. ಅದು ಪರೀಕ್ಷೆಯ ಕಟ್ಟುನಿಟ್ಟು.

ಹೋರಿ ಕಣ್ಣು ಬಿಟ್ಟಿತು.

"ಅಡಮಾನಾನೇ ಮುಂದುವರಿಸ್ರೀ!" ಎಂದು ಅರಚಿದೆ.

"ವಿಷಯ ಹೇಳ್ಕೊಡೋ ಹಾಗಿಲ್ಲ! ಅದು ಅಕ್ರಮ! ಸಂಖ್ಯೆ ಹೇಳಿ!"

"ಯಾವ್ ಸಂಖ್ಯೆ?"

"ಅದನ್ನೂ ಹೇಳೋ ಹಾಗಿಲ್ಲ!"

ಇಂಥವನನ್ನು ಸಂಸತ್ತಿಗೆ ಕಳಿಸಲು ನನ್ನ ಬೆರಳು ಸುಡುತ್ತಿತ್ತು ನೋಡಿ!

"ಹದಿನೇಳು!" ಎಂದೆ.

"ಗೂಡು ಬಿಟ್ಟು ಹಾರಿದ ಜೇನುಹುಳುಗಳ ಒಡೆತನ!"

ಹೋರಿಗೆ ಜೇನುಹುಳು ಆಗಿಬರಲಿಲ್ಲ. ಗುಟುರು ಹಾಕಿತು. ಊರಿನವರು ಲಾಟರಿ ಕೂಗಿದ ಹಾಗೆ ಸಂಖ್ಯೆ ಕೂಗತೊಡಗಿದರು. "ನಲವತ್ತು!" ಎಂದಳು ಒಬ್ಬ ಅಜ್ಜಿ.

"ಸಮುದ್ರ ದಡಕ್ಕೆ ತಂದು ಹಾಕಿದ ವಸ್ತುಗಳು!"

"ಬೇಡ ಅಜ್ಜೀ! ನಮ್ಮೂರಲ್ಲಿ ಸಮುದ್ರ ಎಲ್ಲಿದೆ!" ಎಂದು ಯಾರೋ ಗದರಿದರು.

ಹೋರಿ ಎರಗಿತು. ಬೇರೆ ದಾರಿ ಇರಲಿಲ್ಲ. ಸರಳು ಬಿಟ್ಟೆ! ಬಿದ್ದೆ, ಎದ್ದೆ, ಕೋಟು ಬಿಚ್ಚಿ ಅದರ ಮೂತಿಗೆ ಬೀಸಿ ಓಡಿದೆ. ಅದು ನನ್ನ ಹಿಂದೆ! ಕಾರಂಜಿ ಸುತ್ತಿದೆ. ಅದೂ ಸುತ್ತಿತು. ಬೇಲಿಗೆ ಬೆನ್ನು ತಾಗಿತು. ಮುಂದೆ ಕೊಂಬು!

"ಎಪ್ಪತ್ತೆರಡು!" ಬಾಯಿಗೆ ಬಂದದ್ದು ಕೂಗಿದೆ.

"ಅಡಮಾನದ ರದ್ದತಿ! ಸಾಲಗಾರನ ಅರ್ಜಿಯ ಮೇರೆಗೆ ನೋಂದಣಾಧಿಕಾರಿಯು ಸದರಿ..."

ಕೊಂಬಿನ ತುದಿ ನನ್ನ ಬೆಲ್ಟಿಗೆ ತಾಗಿ ನಿಂತಿತು. ಹೋರಿ ಮುಂಗಾಲು ಮಡಚಿತು. ಒರಗಿತು. ಗೊರಕೆ!

ಆಮೇಲೆ ಅಜ್ಜಿ ಬಿಳಿ ಕರವಸ್ತ್ರ ತೆಗೆದು ಬೀಸಿದಳು. ಪಕ್ಕದವನು ಬೀಸಿದ. ಇಡೀ ಬೀದಿ ಬೆಳ್ಳಗಾಯಿತು! ಮೆಚ್ಚಿನ ಹೋರಿಯನ್ನು ಕೊಲ್ಲದೆ ಬಿಡಿ ಎಂದು ನಮ್ಮ ಜನ ಕೇಳುವುದು ಹೀಗೆ.

ಎವಾರಿಸ್ತೋ ಅದು ತನಗೆ ಎಂದುಕೊಂಡ. ಎದೆಯ ಮೇಲೆ ಕೈ ಇಟ್ಟು ಬಾಗಿದ.

ಮೇಯರಮ್ಮ ಬಾಲ್ಕನಿಯ ಕಂಬಿ ಹಿಡಿದಳು. "ಪಾಪದ ಜೀವ ಎಷ್ಟು ಅನುಭವಿಸ್ತು! ಇನ್ನು ಅದನ್ನ ಕೊಲ್ಲೋರು ಮನುಷ್ಯರಾ? ಬಿಟ್ಬಿಡ್ರೋ, ಬೆಟ್ಟದ ಮೇಲೆ ಮೇಯ್ಕೊಂಡಿರಲಿ!"

"ಪಟ್ಟಿ ಕತೆ ಏನು?" ಕಿಟಕಿಯಿಂದ ಬರ್ರಾಗಾನ್ ಕೂಗಿದ. "ನನ್ನ ಭಾಮೈದ ಈ ಮಣ್ಣಿನ ಮಗ! ಇವನು ಹೊರಗಿನವನು!"

"ಅದಕ್ಕೇ ಕಣಯ್ಯಾ! ಇವನಿಗೆ ಸೀಟು ಕೊಡದಿದ್ರೆ ಇಲ್ಲೇ ಉಳ್ಕೊಂಡು ಬೇಲಿ ಅಳೀತಾ ಭಾಷಣ ಬಿಗೀತಾನೆ. ಮೊದಲ ಸ್ಥಾನ ಬರೀರಿ. ಇವತ್ತೇ ಮ್ಯಾಡ್ರಿಡ್‌ಗೆ ಸಾಗಹಾಕ್ರಿ!"

ಚಪ್ಪಾಳೆ ಮುಗಿಲು ಮುಟ್ಟಿತು.

ನಾನು ಸುಟ್ಟ ಬೆರಳನ್ನು ಕಾರಂಜಿಯಲ್ಲಿ ಅದ್ದಿ ಕೂತೆ. ಗೆದ್ದಿದ್ದೆವು. ಖುಷಿ ಮಾತ್ರ ಬರಲೇ ಇಲ್ಲ.

ಆವತ್ತು ವಲ್ದೆಗ್ರಾಹಾದಲ್ಲಿ ಹೋರಿಗೆ ಶಿಕ್ಷೆ ಮಾಫಿ ಆಯಿತು... ದೇಶಕ್ಕೆ ನಾಲ್ಕು ವರ್ಷ ಬಿತ್ತು!