ಹಕ್ಕಿಯಾಗದ ತಮ್ಮ

ಮರಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಕಣಿವೆಗಳ ಆಚೆ, ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿ ಒಬ್ಬ ರಾಜನಿದ್ದ. ರಾಜನ ಕೈಕೆಳಗೆ ಒಬ್ಬ ಧರ್ಮಾಧಿಕಾರಿಯಿದ್ದ. ಧರ್ಮಾಧಿಕಾರಿಯ ಕೈಕೆಳಗೆ ಒಬ್ಬ ಕೊತ್ವಾಲನಿದ್ದ. ಜನರೂ ಇದ್ದರು. ಅವರನ್ನು ಕಡೆಯಲ್ಲಿ ಹೇಳುವುದು ಆ ರಾಜ್ಯದ ವಾಡಿಕೆ.

ಆ ರಾಜ್ಯಕ್ಕೆ ಒಂದು ವರವಿತ್ತು. ತಪ್ಪು ಮಾಡದವನನ್ನು ಠಾಣೆಯಲ್ಲಿ ಹೊಡೆದರೆ ಅವನು ಹಕ್ಕಿಯಾಗಿ ಕಿಟಕಿಯಿಂದ ಹಾರಿಹೋಗಲಿ ಎಂದು ಹಿಂದೆಂದೋ ಒಬ್ಬ ಜೋಗಿಣಿ ಹರಸಿದ್ದಳು. ಒಮ್ಮೆ ಹಾಗೆಯೇ ಆಯಿತಂತೆ. ಆ ಒಂದು ಸಲ ಆದದ್ದೇ ಅಧಿಕಾರಿಗಳಿಗೆ ಸಾಕಾಯಿತು. ಆಮೇಲೆ ಠಾಣೆಗೆ ಹೋದವನು ಮನೆಗೆ ಬರದಿದ್ದರೆ "ಹಕ್ಕಿಯಾದ" ಎಂದು ಕೊತ್ವಾಲ ಹೇಳುತ್ತಿದ್ದ. "ಹೌದು, ಆದ" ಎಂದು ಧರ್ಮಾಧಿಕಾರಿ ಒಪ್ಪುತ್ತಿದ್ದ. ಅಲ್ಲಿಗೆ ಮುಗಿಯಿತು. ಸತ್ತ ಎಂದು ಯಾರೂ ಅನ್ನುವಂತಿರಲಿಲ್ಲ. ಹಕ್ಕಿಯಾದವನಿಗೆ ತಿಥಿ ಮಾಡಿದರೆ ಅದು ರಾಜದ್ರೋಹ. ತಾಯಂದಿರು ಮಾಡಿನ ಮೇಲೆ ಕಾಳು ಚೆಲ್ಲಿ, ಬಂದ ಹಕ್ಕಿಗಳಲ್ಲಿ ತಮ್ಮ ಮಗ ಯಾವುದು ಎಂದು ಹುಡುಕುತ್ತಾ ಮುದುಕಿಯರಾಗುತ್ತಿದ್ದರು.

ಆ ಊರಿನಲ್ಲಿ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಬಂದು ಮಾರುವ ಮುದ್ದಯ್ಯ ಎಂಬ ಹುಡುಗನಿದ್ದ. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ ಚಿಕ್ಕತಾಯಿ. ಒಂದು ಸಂತೆಯ ದಿನ ಕೊತ್ವಾಲನ ಆಳು ದಾರಿಗೆ ಅಡ್ಡ ಬಂತೆಂದು ಮುದ್ದಯ್ಯನ ಕತ್ತೆಗೆ ದೊಣ್ಣೆಯಿಂದ ಬಾರಿಸಿದ. ಮುದ್ದಯ್ಯ ಅವನ ಕೈ ಹಿಡಿದು, "ಮೂಕ ಪ್ರಾಣಿ ಕಣಣ್ಣ, ಹೊಡೀಬೇಡ" ಎಂದ. ಅವನು ಮಾಡಿದ ತಪ್ಪು ಇಷ್ಟೇ. ಅವನನ್ನು ಠಾಣೆಗೆ ಎಳೆದೊಯ್ದರು.

ಮರುದಿನ ಚಿಕ್ಕತಾಯಿ ಮುದ್ದೆ ಸಾರು ಕಟ್ಟಿಕೊಂಡು ಠಾಣೆಗೆ ಹೋದಳು. ಕಾವಲಿನವನು ಬುತ್ತಿ ತೆಗೆದುಕೊಳ್ಳಲಿಲ್ಲ.

"ನಿನ್ನ ತಮ್ಮ ಹಕ್ಕಿಯಾದನಮ್ಮ. ತಪ್ಪು ಮಾಡಿಲ್ಲ ಅಂತಾಯ್ತಲ್ಲ, ಸಂತೋಷಪಡು" ಎಂದು ಅವಳ ಕೈಗೆ ಮುದ್ದಯ್ಯನ ಕಂಬಳಿ ಕೊಟ್ಟ. ಹಕ್ಕಿಗೆ ಕಂಬಳಿ ಯಾಕೆ?

ಕಂಬಳಿ ಒದ್ದೆಯಾಗಿತ್ತು. ಅದನ್ನು ಒಗೆದಿದ್ದರು. ಚಿಕ್ಕತಾಯಿ ಬೀದಿಯಲ್ಲೇ ನಿಂತಳು. ಲೋಕದಲ್ಲಿ ಯಾವ ಠಾಣೆಯವರು ಸೆರೆಯಾಳಿನ ಕಂಬಳಿ ಒಗೆದು ಕೊಡುತ್ತಾರೆ? ಅವಳಿಗೆ ಆಗಲೇ ಗೊತ್ತಾಯಿತು. ಗೊತ್ತಾದದ್ದನ್ನು ಬಾಯಲ್ಲಿ ಹೇಳುವಂತಿಲ್ಲ, ಅಳುವಂತಿಲ್ಲ, ಒಂದು ಹಿಡಿ ಅನ್ನವನ್ನು ಅವನ ಹೆಸರಿನಲ್ಲಿ ಇಡುವಂತಿಲ್ಲ. ನನ್ನ ತಮ್ಮನನ್ನು ಕೊಂದರು ಎಂದು ಕೊಂದವರ ಬಾಯಿಂದಲೇ ಹೇಳಿಸಿ, ಅವನಿಗೆ ಎಡೆ ಇಡಬೇಕು. ಅವಳಿಗೆ ಬೇಕಾದದ್ದು ಅಷ್ಟು ಮಾತ್ರ.

ಹಕ್ಕಿಯ ಮಾತು ಸುಳ್ಳು ಎನ್ನುವವರು ಮೂರು ಬಾಗಿಲು ದಾಟಿ ರಾಜನ ಮುಂದೆ ಹೇಳಬೇಕು ಎಂಬ ಕಟ್ಟಳೆಯಿತ್ತು. ಸಿಕ್ಕಸಿಕ್ಕವರೆಲ್ಲ ಬಂದು ರಾಜನ ನಿದ್ದೆ ಕೆಡಿಸಬಾರದೆಂದು ಹಿರಿಯರು ಮಾಡಿದ ಏರ್ಪಾಡು. ಹಿರಿಯರು ಬುದ್ಧಿವಂತರು.

ಮೊದಲನೆಯದು ಕೊತ್ವಾಲನ ಬಾಗಿಲು. ಅಲ್ಲಿ ಕಬ್ಬಿಣದ ಹುಲಿಯೊಂದು ಕೂತಿತ್ತು. ಸುಳ್ಳು ಹೇಳಿದವರನ್ನು ಅದು ತಿನ್ನುತ್ತಿತ್ತು.

"ನನ್ನನ್ನು ಕಂಡರೆ ನಿನಗೆ ಹೆದರಿಕೆಯಿಲ್ಲವೆ?" ಎಂದಿತು ಹುಲಿ.

"ಅದೆ ಕಣಪ್ಪ. ಕಾಲು ನಡುಗ್ತಾ ಅವೆ" ಎಂದಳು ಚಿಕ್ಕತಾಯಿ.

"ಮತ್ತೆ ಯಾಕೆ ಬಂದೆ?"

"ಮನೇಲಿ ಕೂತಿದ್ರೂ ನಡುಗ್ತಾನೇ ಇದ್ದೆ. ಬಂದು ನಡುಗೋದೇ ವಾಸಿ ಅನ್ನಿಸ್ತು."

ಹುಲಿ ಪಕ್ಕಕ್ಕೆ ಸರಿಯಿತು. ಅವಳು ದಾಟುವಾಗ ಮೆಲ್ಲಗೆ, "ಈ ಬಾಗಿಲಲ್ಲಿ ಒಳಗೆ ಹೋದವರನ್ನೆಲ್ಲ ನಾನು ನೋಡಿದ್ದೇನೆ. ಹೊರಗೆ ಹಾರಿದ ಹಕ್ಕಿಯನ್ನು ಮಾತ್ರ ನೋಡಿಲ್ಲ" ಎಂದಿತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಾನು ಕೊತ್ವಾಲನ ಅನ್ನ ತಿನ್ನುವ ಹುಲಿ. ಅವನು ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳಂತೂ ಹೇಳಿಲ್ಲ."

ಇಂಥ ಹುಲಿಗಳು ಎಲ್ಲ ಠಾಣೆಗಳಲ್ಲೂ ಇರುತ್ತವೆ. ಚಿಕ್ಕತಾಯಿ ಮುಂದೆ ಹೋದಳು.

ಎರಡನೆಯದು ಧರ್ಮಾಧಿಕಾರಿಯ ಬಾಗಿಲು. ಅಲ್ಲಿ ಕಂಟಕಾಕ್ಷನೆಂಬ ಮಾಯಗಾರನಿದ್ದ. ಧರ್ಮಾಧಿಕಾರಿ ಕೊಟ್ಟ ಅರಮನೆಯಲ್ಲಿ ಇದ್ದುಕೊಂಡು, ಬಂದವರಿಗೆ ಅವರು ಬಯಸಿದ್ದನ್ನು ತೋರಿಸಿ ಮನೆಗೆ ಕಳಿಸುವುದು ಅವನ ಕೆಲಸ. ಅವನು ಕೈ ಬೀಸಿದ. ಒಂದು ಗೊರವಂಕ ಹಾರಿಬಂದು ಚಿಕ್ಕತಾಯಿಯ ತೊಡೆಯ ಮೇಲೆ ಕೂತಿತು.

"ಅಕ್ಕಾ" ಎಂದಿತು. ಅದು ಮುದ್ದಯ್ಯನದೇ ದನಿ.

ಚಿಕ್ಕತಾಯಿ ಹಕ್ಕಿಯ ಬೆನ್ನು ಸವರಿದಳು. ಬೆಚ್ಚಗಿತ್ತು. "ಉಂಡೇನಪ್ಪ?" ಎಂದು ಕೇಳಿದಳು.

"ಉಂಡೆ ಅಕ್ಕಾ. ಚೆನ್ನಾಗಿದೀನಿ. ಮಾಡಿನ ಮೇಲೆ ಕಾಳು ಹಾಕು, ದಿನಾ ಬರ್ತೀನಿ. ನೀನಿನ್ನು ಮನೆಗೆ ಹೋಗು."

ಅವಳು ಹೋಗಿಬಿಡುತ್ತಿದ್ದಳು. ಸತ್ತ ತಮ್ಮನಿಗಿಂತ ಮಾತಾಡುವ ಹಕ್ಕಿ ಯಾರಿಗೆ ಬೇಡ? ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದೂಬಿಟ್ಟಳು. ಆಗ ಹಕ್ಕಿ ಒಂದು ಮಾತು ಹೆಚ್ಚಿಗೆ ಆಡಿತು.

"ಯಾರ ಮೇಲೂ ದೂರು ಬೇಡ ಅಕ್ಕಾ. ಕೊತ್ವಾಲರು ಒಳ್ಳೆಯವರು. ತಪ್ಪೆಲ್ಲ ನಂದೇ, ಅವರ ಆಳಿನ ಕೈ ಹಿಡೀಬಾರದಿತ್ತು."

ಚಿಕ್ಕತಾಯಿ ನಿಂತಳು. ಸಂತೆಯ ನಡುವೆ ಒಂದು ಕತ್ತೆಗಾಗಿ ಕೈ ಅಡ್ಡ ಹಿಡಿದವನು ಆಡುವ ಮಾತು ಇದಲ್ಲ. ಸೆರಗು ಬಿಚ್ಚಿ ಹಕ್ಕಿಯನ್ನು ಕಂಟಕಾಕ್ಷನ ಮುಂದೆ ಇಟ್ಟಳು. "ದನಿ ಅವನದೇ ಬುದ್ದಿ. ಮಾತು ನಿಮ್ಮದು" ಎಂದಳು. ಗೊರವಂಕ ಒಂದು ಉಂಡೆ ಹತ್ತಿಯಾಗಿ ಉರುಳಿತು. ಅವಳು ಅಲ್ಲಿಂದ ಹೊರಟಾಗ ಕಣ್ಣು ಕಾಣಿಸುತ್ತಿರಲಿಲ್ಲ, ಗೋಡೆ ಸವರಿಕೊಂಡು ನಡೆದಳು. ತಮ್ಮನನ್ನು ಈ ಸಲ ಕೈಯಾರೆ ಬಿಟ್ಟುಕೊಟ್ಟವಳು ಅವಳೇ.

ಮೂರನೆಯದು ರಾಜಸಭೆಯ ಬಾಗಿಲು. ಅಲ್ಲಿ ಹುಲಿಯೂ ಇರಲಿಲ್ಲ, ಮಾಯಗಾರನೂ ಇರಲಿಲ್ಲ. ಹೊಸ್ತಿಲಿನ ಮೇಲೆ ಉದ್ದಕ್ಕೂ ಹೆಂಗಸರು ಮಲಗಿದ್ದರು. ಅವರೆಲ್ಲ ಹಕ್ಕಿಯಾದವರ ತಾಯಂದಿರು, ಹೆಂಡಿರು, ಅಕ್ಕತಂಗಿಯರು. ಅವರನ್ನು ಅಲ್ಲಿ ಯಾರೂ ಕಾವಲಿಗೆ ಇಟ್ಟಿರಲಿಲ್ಲ. ತಾವಾಗಿಯೇ ಬಂದಿದ್ದರು.

"ಒಳಗೆ ಹೋಗ್ಬೇಡ ಕಣೆ ಮಗ" ಎಂದಳು ಎಲ್ಲರಿಗಿಂತ ಹಿರಿಯಳಾದ ಹೊನ್ನಜ್ಜಿ. "ನಿನ್ ತಮ್ಮ ಸತ್ತ ಅಂತ ನೀನು ಸಾಧಿಸಿದ್ರೆ ನಮ್ಮವರೂ ಸತ್ತಂಗೇ ಅಲ್ವಾ? ನಾವು ಬೆಳಗಾದ್ರೆ ಏನು ನೋಡ್ಕೊಂಡು ಏಳಾನ?"

"ನಮ್ಮನ್ನ ತುಳ್ಕೊಂಡು ಹೋಗು" ಎಂದಳು ಇನ್ನೊಬ್ಬಳು.

ಇವರನ್ನು ದಾಟಿ ಹೋಗಲು ಚಿಕ್ಕತಾಯಿಗೆ ಕಾಲು ಏಳಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಕೂತಳು. ಕಟ್ಟಿಕೊಂಡಿದ್ದ ಕಂಬಳಿಯನ್ನು ಬಿಚ್ಚಿ ತೊಡೆಯ ಮೇಲೆ ಹರವಿದಳು.

ಹೊನ್ನಜ್ಜಿ ಅದನ್ನು ಮುಟ್ಟಿ ನೋಡಿದಳು. ಬಹಳ ಹೊತ್ತು ಮುಟ್ಟುತ್ತಲೇ ಇದ್ದಳು.

"ನಂಗೆ ನನ್ ಮಗನ ಪಂಚೆ ಕೊಟ್ರು" ಎಂದಳು. "ಅದೂ ಒಗೆದಿತ್ತು."

ಒಬ್ಬೊಬ್ಬರಾಗಿ ಎದ್ದು ಕೂತರು. ಒಬ್ಬಳಿಗೆ ರುಮಾಲು ಕೊಟ್ಟಿದ್ದರು, ಒಬ್ಬಳಿಗೆ ಅಂಗಿ. ಎಲ್ಲವೂ ಒಗೆದಿದ್ದವು. ತಮ್ಮ ತಮ್ಮ ಮನೆಯಲ್ಲಿ ಪ್ರತಿಯೊಬ್ಬಳೂ ಇದನ್ನು ಒಳಗೇ ನುಂಗಿಕೊಂಡಿದ್ದಳು. ಯಾರೂ ಯಾರಿಗೂ ಹೇಳಿರಲಿಲ್ಲ. ಹೊಸ್ತಿಲ ಮೇಲೆ ಕೂತು ಅವರು ಅತ್ತರು. ಆಮೇಲೆ ಹೊನ್ನಜ್ಜಿ ಗೋಡೆ ಹಿಡಿದು ಎದ್ದು, ಬಾಗಿಲನ್ನು ತಾನೇ ತಳ್ಳಿದಳು. "ನಡೀರಿ. ನೋಡೇಬಿಡಾನ" ಎಂದಳು.

ಸಭೆಯಲ್ಲಿ ರಾಜ ಚಂದ್ರಕೇತು, ಧರ್ಮಾಧಿಕಾರಿ, ಕೊತ್ವಾಲ ದುರ್ಜಯ ಮೂವರೂ ಇದ್ದರು. ಚಿಕ್ಕತಾಯಿ ದೂರು ಹೇಳಿ ಮುಗಿಸಿದ ಮೇಲೆ ರಾಜ ಕೇಳಿದ, "ನಿನ್ನ ತಮ್ಮ ಸತ್ತ ಎನ್ನುವುದಕ್ಕೆ ಸಾಕ್ಷಿ ಯಾರು?"

"ಕಾಗೆ" ಎಂದಳು ಅವಳು. "ಎಡೆ ಇಡೋದಕ್ಕೆ ಒಂದು ಸಲ ಅಪ್ಪಣೆ ಕೊಡಿ ಬುದ್ದಿ."

ಆ ರಾಜ್ಯದ ಕಾಗೆಗಳು ಬದುಕಿದವನ ಹೆಸರಿನ ಎಡೆಯ ಹತ್ತಿರ ಸುಳಿಯುತ್ತಿರಲಿಲ್ಲ. ಸತ್ತವನಿಗೆ ಆಸೆ ಉಳಿದಿದ್ದರೆ ಬಂದು ಕೂರುತ್ತಿದ್ದವು, ಆದರೆ ಅಗುಳು ಮುಟ್ಟುತ್ತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ರಾಜ ಬೇಡ ಎನ್ನಲಾರದೆ ಅಪ್ಪಣೆ ಕೊಟ್ಟ.

ಚಿಕ್ಕತಾಯಿ ಸಭೆಯ ಅಂಗಳದಲ್ಲಿ ಬಾಳೆಯೆಲೆ ಹಾಸಿ, ಅನ್ನವಿಟ್ಟು, "ಮುದ್ದಯ್ಯಾ" ಎಂದು ಕರೆದಳು. ಒಂದು ಕಾಗೆ ಬಂದು ಎಲೆಯ ಪಕ್ಕ ಕೂತಿತು. ಅನ್ನ ಮುಟ್ಟಲಿಲ್ಲ. ಮುದ್ದಯ್ಯ ಸತ್ತಿದ್ದ.

"ನಿನ್ ಕತ್ತೆಗಳನ್ನ ನಾನು ಸಾಕ್ತೀನಪ್ಪ" ಎಂದಳು ಚಿಕ್ಕತಾಯಿ. ಕಾಗೆ ಮುಟ್ಟಲಿಲ್ಲ.

"ನಾನು ಬದುಕ್ತೀನಿ, ಚಿಂತೆ ಮಾಡ್ಬೇಡ" ಎಂದಳು. ಮುಟ್ಟಲಿಲ್ಲ.

ರಾಜ ಕೊತ್ವಾಲನ ಕಡೆ ತಿರುಗಿ, "ಏನು ನಡೆಯಿತು, ಹೇಳು" ಎಂದ.

"ಕಾಲು ಜಾರಿ ಬಿದ್ದ, ಪ್ರಭು" ಎಂದ ದುರ್ಜಯ. ಇನ್ನೊಂದಿಷ್ಟು ಕಾಗೆಗಳು ಬಂದು ಕೂತವು. "ನಾವು ಹೊಡೆಯಲಿಲ್ಲ, ಬರೀ ವಿಚಾರಿಸಿದೆವು" ಎಂದ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಅಂಗಳ ಕಾಗೆಗಳಿಂದ ಕಪ್ಪಾಯಿತು, ಮಾಡು ಕಪ್ಪಾಯಿತು, ಬಿಸಿಲು ಕಾಣದಾಯಿತು. ಒಂದೂ ಕೂಗಲಿಲ್ಲ. ಎಲ್ಲವೂ ಅವನನ್ನೇ ನೋಡುತ್ತಿದ್ದವು.

"ಹೊಡೆದೆವು" ಎಂದ ದುರ್ಜಯ. "ಕಂಬಕ್ಕೆ ಕಟ್ಟಿ ಹೊಡೆದೆವು. ನೀರು ಕೇಳಿದ, ಕೊಡಲಿಲ್ಲ. ಅಕ್ಕನಿಗೆ ಹೇಳಿ ಕಳಿಸಿ ಅಂದ, ಕಳಿಸಲಿಲ್ಲ. ಕೋಟೆಯ ಹಿಂದಿನ ಕಂದಕದಲ್ಲಿ ಹೂತಿದ್ದೇವೆ. ಅಲ್ಲಿ ಬೇರೆಯವರೂ ಇದ್ದಾರೆ."

ಕಾಗೆ ಮುಟ್ಟಲಿಲ್ಲ.

ಧರ್ಮಾಧಿಕಾರಿ ಬೆವರು ಒರೆಸಿಕೊಂಡ. "ನಾನು ಯಾರ ಹೆಣವನ್ನೂ ನೋಡಲಿಲ್ಲ, ಯಾರ ಮನೆಯವರನ್ನೂ ಕೇಳಲಿಲ್ಲ. ಕೊತ್ವಾಲ ಹೇಳಿದ್ದಕ್ಕೆಲ್ಲ ಹೌದು ಎಂದೆ. ಕಂಟಕಾಕ್ಷನನ್ನು ಸಾಕಿದವನೂ ನಾನೇ" ಎಂದ.

ಆಗಲೂ ಕಾಗೆ ಮುಟ್ಟಲಿಲ್ಲ. ಎಲ್ಲರೂ ಕತ್ತೆತ್ತಿ ಸಿಂಹಾಸನದ ಕಡೆ ನೋಡಿದರು.

"ಇಬ್ಬರನ್ನೂ ಶಿಕ್ಷಿಸುತ್ತೇನೆ" ಎಂದ ರಾಜ. ಕಾಗೆ ಕತ್ತು ಓರೆ ಮಾಡಿ ಅವನನ್ನು ನೋಡಿತು, ಅಷ್ಟೇ.

"ಶಿಕ್ಷೆ ಆಮೇಲೆ ಬುದ್ದಿ" ಎಂದಳು ಚಿಕ್ಕತಾಯಿ. "ನಿಮಗೆ ಗೊತ್ತಿತ್ತಾ?"

ರಾಜ ಕಿರೀಟ ತೆಗೆದು ಪಕ್ಕಕ್ಕಿಟ್ಟು ಅಂಗಳಕ್ಕೆ ಇಳಿದು ಬಂದ. ಹೊನ್ನಜ್ಜಿಯ ಮುಖ ನೋಡುತ್ತಾ ಹೇಳಿದ, "ಗೊತ್ತಿತ್ತು. ನೀನು ಹಿಂದೊಮ್ಮೆ ಮಗನನ್ನು ಕೇಳಿಕೊಂಡು ಬಂದಾಗ ಕೊತ್ವಾಲನ ತೋಳಿನ ಮೇಲೆ ರಕ್ತವಿತ್ತು. ನಾನು ಕಂಡೆ. ಊರು ಹದ್ದುಬಸ್ತಿನಲ್ಲಿರಲಿ ಎಂದು ಸುಮ್ಮನಾದೆ. ಹಕ್ಕಿಯ ಕತೆ ನನಗೂ ಅನುಕೂಲವಾಗಿತ್ತು."

ಕಾಗೆ ಬಾಗಿ ಒಂದು ಅಗುಳು ತೆಗೆದುಕೊಂಡಿತು.

ಹೆಂಗಸರು ಒಬ್ಬೊಬ್ಬರಾಗಿ ಎಲೆ ಹಾಸಿ ತಮ್ಮವರನ್ನು ಕರೆದರು. ಕಾಗೆಗಳು ಪ್ರತಿ ಎಲೆಗೂ ಹೋದವು, ಉಂಡವು. ಒಂದು ಎಲೆಗಾದರೂ ಕಾಗೆ ಬಾರದಿರಲಿ ಎಂದು ಚಿಕ್ಕತಾಯಿ ಬೇಡಿಕೊಂಡಳು. ಎಲ್ಲ ಎಲೆಗಳಿಗೂ ಬಂದವು.

ಆ ದಿನವೇ ಕಂಟಕಾಕ್ಷನ ಹಕ್ಕಿಗಳೆಲ್ಲ ಹತ್ತಿಯಾದವು, ಅವನ ಮಾಯೆ ಅಡಗಿತು, ಅವನನ್ನು ಗಡಿ ದಾಟಿಸಿದರು. ಕೊತ್ವಾಲನನ್ನೂ ಧರ್ಮಾಧಿಕಾರಿಯನ್ನೂ ಠಾಣೆಯಲ್ಲಿ ಕೂಡಿಹಾಕಿದರು. ಅವರ ವಿಚಾರಣೆ ಸಂತೆಯ ಬಯಲಿನಲ್ಲಿ, ಎಲ್ಲರೂ ಕೇಳುವಂತೆ ಎಂದು ತೀರ್ಮಾನವಾಯಿತು. ಅದರಲ್ಲಿ ರಾಜನೂ ನಿಂತು ಉತ್ತರ ಹೇಳಬೇಕು, ಅದು ಮುಗಿಯುವವರೆಗೆ ಸಿಂಹಾಸನ ಏರಕೂಡದು ಎಂದು ಊರ ಹಿರಿಯರು ಕಟ್ಟು ಮಾಡಿದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಗೂ ಕಾವಲು ಬೇಕಲ್ಲ. ಕಂದಕ ಅಗೆದು ಮೂಳೆಗಳನ್ನು ತೆಗೆದು ಅವರವರ ಮನೆಗೆ ಕೊಟ್ಟರು.

ಮುದ್ದಯ್ಯನ ತಿಥಿ ಮುಗಿದ ಸಂಜೆ ಒಬ್ಬ ಮುದುಕಿ ಚಿಕ್ಕತಾಯಿಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಜಗಲಿಯ ಕೆಳಗೇ ನಿಂತಳು.

"ನಾನು ದುರ್ಜಯನ ತಾಯಿ" ಎಂದಳು.

ಚಿಕ್ಕತಾಯಿ ಹೊಸ್ತಿಲ ಒಳಗೇ ನಿಂತಳು.

"ಅವನು ಮಾಡಿದ್ದು ಪಾಪ ಕಣವ್ವ. ಇಲ್ಲ ಅನ್ನಕಾಗಲ್ಲ. ಆದರೆ ಠಾಣೇಲಿ ಇರೋ ಆಳುಗಳೆಲ್ಲ ಅವನೇ ಕಲಿಸಿದವರು. ಅವರ ಹೆಸರು ಅವನು ಹೇಳಿಬಿಡ್ತಾನೆ ಅಂತ ಅವರಿಗೆ ಭಯ. ಬೆಳಗಾಗೋದ್ರಲ್ಲಿ ಅವನೂ ಹಕ್ಕಿಯಾದ ಅಂದ್ರೆ ನಾನೇನು ಮಾಡ್ಲಿ? ಊರೋರು ಯಾರೂ ನನ್ನ ಕಡೆ ತಿರುಗಿ ನೋಡಲ್ಲ. ನಿನ್ನ ಮಾತು ಕೇಳ್ತಾರೆ."

ಚಿಕ್ಕತಾಯಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಅವಳ ಮೇಲೆ ಎಸೆಯಬೇಕೆನ್ನಿಸಿತು. ಅವನು ಸಾಯಲಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಗಿಲು ಹಾಕಿಕೊಂಡು ಒಳಗೆ ಕೂತಳು. ಮುದುಕಿ ಹೋಗಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು. ಕೊನೆಗೆ ಚಿಕ್ಕತಾಯಿ ಎದ್ದು, ಸೆರಗು ಬಿಗಿದು, ಹೊರಗೆ ಬಂದಳು.

"ಅವನು ಸಾಯಬಾರದು" ಎಂದಳು. "ಬಯಲಲ್ಲಿ ನಿಂತು ಎಲ್ಲಾನೂ ಹೇಳ್ಬೇಕು. ನಡಿ."

ಠಾಣೆಯ ಬಾಗಿಲಿನ ಮುಂದೆ ಅವಳು ಹೋಗಿ ಕೂತಳು. ಅಂದಿನಿಂದ ದಿನವೂ, ಕೂಡಿಟ್ಟವನಿಗೆ ಊಟ ಹೋಯಿತೆ, ಮೈಮೇಲೆ ಬಾಸುಂಡೆಯಿದೆಯೆ ಎಂದು ನೋಡಿಯೇ ಎದ್ದು ಬರುತ್ತಿದ್ದಳು. ಹೊನ್ನಜ್ಜಿ ಮತ್ತು ಉಳಿದವರು ಮೊದಮೊದಲು ಅವಳನ್ನು ಬೈದರು, ಆಮೇಲೆ ಸರದಿಯಂತೆ ತಾವೂ ಬಂದು ಕೂತರು. ವಿಚಾರಣೆ ನಡೆಯಿತು. ದುರ್ಜಯ ಎಲ್ಲರ ಹೆಸರೂ ಹೇಳಿದ. ಹೇಳಿದ ಮೇಲೆ ಅವನಿಗೂ ಧರ್ಮಾಧಿಕಾರಿಗೂ ಬದುಕಿರುವಷ್ಟು ಕಾಲ ಸೆರೆಯಾಯಿತು. ರಾಜ ಸಿಂಹಾಸನ ಬಿಟ್ಟ. ಠಾಣೆಯಲ್ಲಿ ಕೂಡಿಟ್ಟವರ ಮುಖವನ್ನು ಮನೆಯವರು ಹಗಲು ಯಾವ ಹೊತ್ತಿನಲ್ಲಾದರೂ ಬಂದು ನೋಡಬಹುದು ಎಂಬ ಕಟ್ಟಳೆ ಹೊಸದಾಗಿ ಬಂತು.

ಆಮೇಲೆ ಶಂಖಾವತಿಯ ಜನ ನೆಮ್ಮದಿಯಾಗಿದ್ದರು. ಮಳೆ ಬೆಳೆ ಆಯಿತು, ಮದುವೆಗಳಾದವು, ಮಕ್ಕಳು ಹುಟ್ಟಿದವು, ಸಂಜೆ ಮನೆಗೆ ಬರುವುದು ತಡವಾದರೆ ಯಾರಿಗೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಹುಣ್ಣಿಮೆಗೊಮ್ಮೆ ದುರ್ಜಯನ ತಾಯಿ ರೊಟ್ಟಿ ಕಟ್ಟಿಕೊಂಡು ಸೆರೆಮನೆಗೆ ಬರುತ್ತಿದ್ದಳು. ಕಣ್ಣು ಮಂಜಾದ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವಳು ಚಿಕ್ಕತಾಯಿ. ತಾಯಿ ಕಿಟಕಿಯ ಸರಳಿನಲ್ಲಿ ಕೈ ತೂರಿಸಿ ಮಗನ ಮುಖ ಸವರುವಾಗ, ಚಿಕ್ಕತಾಯಿ ಬೇರೆ ಕಡೆ ತಿರುಗಿ ಕೂರುತ್ತಿದ್ದಳು.